ಹಳದಿ ದಾರದ ಪ್ಲಗ್ಗು

ಮೈಕಿನ ಮುಂದೆ ಅವರು "ಹಲೋ" ಎಂದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿದವರೂ ಅಲ್ಲ. ಹಾರನ್ನುಗಳನ್ನು ಮರಕ್ಕೆ ಕಟ್ಟಿ, ತಂತಿ ಎಳೆದು, ಬ್ಯಾಟರಿ ಕೊಟ್ಟ ಮೇಲೆ ಮೈಕಿನ ಹತ್ತಿರ ಹೋಗಿ, ಪಕ್ಕದಲ್ಲಿ ಕೂತವರೊಡನೆ ಮಾತಾಡುವಷ್ಟೇ ಸಣ್ಣಗೆ, ಆ ದಿನ ತಾವು ಏನು ಉಂಡೆವು ಎಂಬುದನ್ನು ಹೇಳುತ್ತಿದ್ದರು. "ಬೆಳಿಗ್ಗೆ ಮುದ್ದೆ, ಅವರೆಕಾಳು ಸಾರು. ಉಪ್ಪು ಸ್ವಲ್ಪ ಮುಂದಾಗಿತ್ತು." ಅಷ್ಟು ಹೇಳಿ ಮೈದಾನದ ಕಟ್ಟಕಡೆಗೆ ನಡೆದುಹೋಗಿ, ಅಲ್ಲಿ ಕಡಲೆಕಾಯಿ ಮಾರುತ್ತ ಕೂತ ಹೆಂಗಸನ್ನು, "ಏನಮ್ಮಾ, ನಮ್ಮನೇಲಿ ಇವತ್ತು ಏನು ಸಾರು?" ಎಂದು ಕೇಳುತ್ತಿದ್ದರು. ಆಕೆ "ಅವರೆಕಾಳು ಸಾರಂತಲ್ಲ, ಉಪ್ಪು ಜಾಸ್ತಿಯಂತೆ" ಎಂದರೆ ಕೆಲಸ ಮುಗಿಯಿತು. "ಏನೋ ಗುಂಯ್ ಅಂತು ಸಾಮಿ" ಎಂದರೆ ತಿರುಗಿ ಬಂದು ಮತ್ತೆ ಮೆಷಿನ್ನಿನ ಮುಂದೆ ಕೂರುತ್ತಿದ್ದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಕೈಯ ಹಾರ್ಮೋನಿಯಂ ಕೇಳಿದ ಹಳಬರು ಯಾರಾದರೂ ಉಳಿದಿದ್ದರೆ ಗುರುತು ಹಿಡಿದಾರು, ಹಿಡಿಯಲಿ. ಆ ಹೆಸರನ್ನು ನನ್ನ ಕೈಯಿಂದ ಬರೆಯಲು ನನಗೆ ಮುಖವಿಲ್ಲ. ಯಾಕೆ ಇಲ್ಲ ಎಂಬುದನ್ನು ಹೇಳುವುದಕ್ಕೇ ಈ ಬರಹ. ನಾನು ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ತೆಲುಗಿನಲ್ಲಿ ಅಬ್ಬಾಯಿ ಎನ್ನುತ್ತಿದ್ದರು. ಮೀಸೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಅವರಿಗೆ ನಾನು ಹುಡುಗನೇ.

ಕೋಲಾರದ ಗಡಿಯಾರ ಗೋಪುರದ ಹತ್ತಿರ ಸಾಹುಕಾರರೊಬ್ಬರ ಸೈಕಲ್ ಅಂಗಡಿಯಿತ್ತು. ಸೈಕಲ್ಲಿನ ಜೊತೆಗೆ ಗ್ರಾಮಫೋನು ಮಾರುತ್ತಿದ್ದರು. ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಧ್ವನಿವರ್ಧಕದ ಸೆಟ್ಟು ತರಿಸಿ ಬಾಡಿಗೆಗೆ ಬಿಡತೊಡಗಿದರು. ಅದನ್ನು ನೋಡಿಕೊಳ್ಳಲು ಇದ್ದವರು ನಾವಿಬ್ಬರು. ನಾನು ಸುಗಟೂರಿನವನು, ಹೈಸ್ಕೂಲು ಮುಗಿಸಿದ್ದೆ, ಇಂಗ್ಲಿಷ್ ಓದಲು ಬರುತ್ತಿತ್ತು. ಅವರು ನಾಟಕ ಕಂಪನಿಯಿಂದ ಬಂದವರು. ಮಾತಾಡುವ ಸಿನಿಮಾ ಬಂದು ಕಂಪನಿಗಳು ಒಂದೊಂದಾಗಿ ಪರದೆ ಮಡಚಿದಾಗ ಇವರ ಕಂಪನಿ ಮುಳುಗಿದ್ದು ಮಾಲೂರಿನ ಕ್ಯಾಂಪಿನಲ್ಲಿ. ತಮ್ಮ ಪಾಲಿಗೆ ಉಳಿದದ್ದು ಒಂದು ಹಾರ್ಮೋನಿಯಂ, ಒಂದು ವೆಲ್ವೆಟ್ ಕಾಲರಿನ ಕೋಟು, ಆಮೇಲೆ ಅದೇ ಕಂಪನಿಯಲ್ಲಿ ಹಾಡುತ್ತಿದ್ದ ಹೆಂಡತಿ ಎಂದು ಅವರು ಹೇಳುತ್ತಿದ್ದರು. ಹೆಂಡತಿಯನ್ನು ಬೇಕೆಂದೇ ಕೊನೆಗಿಟ್ಟು, ಆಕೆ ಕೇಳಿಸಿಕೊಂಡಳೇ ಎಂದು ಅಡುಗೆಮನೆಯ ಕಡೆ ಒಮ್ಮೆ ನೋಡುತ್ತಿದ್ದರು.

ಆ ಕೋಟಿನ ಜಂಬ ಹೇಳತೀರದು. ಸುಡುಬಿಸಿಲಿನಲ್ಲೂ ಅದನ್ನು ಹಾಕಿಕೊಂಡೇ ಮರ ಹತ್ತಿ ಹಾರನ್ನು ಕಟ್ಟುತ್ತಿದ್ದರು. ಮೆಷಿನ್ನಿನ ಗುಂಡಿ ಮುಟ್ಟುವ ಮೊದಲು ಜೇಬಿನಿಂದ ಬಾಚಣಿಗೆ ತೆಗೆದು ಕ್ರಾಪು ಸರಿಮಾಡಿಕೊಳ್ಳುವರು. ಇಸ್ಪೀಟಿನಲ್ಲಿ ಮೋಸ ಮಾಡುವರು, ಸಿಕ್ಕಿಬಿದ್ದರೆ ಕೋಪಿಸಿಕೊಳ್ಳುವರು. ನನ್ನಿಂದ ಇಸಿದುಕೊಂಡ ಛತ್ರಿಯನ್ನು ವಾಪಸು ಕೊಡಲೇ ಇಲ್ಲ. ಕೇಳಿದಾಗ, "ಅದು ನಂದೇ ಅಲ್ವೇನೋ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು. ಅವರು ದೇವರಂಥವರು ಎಂದು ನಾನು ಬರೆಯುತ್ತಿಲ್ಲ. ದೇವರಂಥವರಾಗಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ನಮ್ಮ ನಿಮ್ಮಂಥ ಮನುಷ್ಯರು.

ದನಿ ದೊಡ್ಡದು ಮಾಡುವ ಆ ಮೆಷಿನ್ನಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಅದನ್ನು ಓದಿ ಅವರಿಗೆ ತಿಳಿಸಿದವನು ನಾನೇ. ಮೈಕಿನಿಂದ ಬರುವುದು ವೋಲ್ಟಿನ ಸಾವಿರದ ಒಂದೆರಡು ಪಾಲು ಅಷ್ಟೇ. ಗ್ರಾಮಫೋನಿನ ಮುಳ್ಳು ಕೂರುವ ಪಿಕಪ್ಪಿನಿಂದ ಬರುವುದು ಅರ್ಧ, ಮುಕ್ಕಾಲು ವೋಲ್ಟು. ಅದಕ್ಕೇ ಮೆಷಿನ್ನಿಗೆ ಎರಡು ತೂತು. ಮೈಕಿನ ತೂತಿನ ಹಿಂದೆ ಒಂದು ವಾಲ್ವು ಹೆಚ್ಚಿಗೆ ಇರುತ್ತದೆ, ಸಣ್ಣದನ್ನು ಮೊದಲು ದೊಡ್ಡದು ಮಾಡಿಕೊಳ್ಳಲು. ಗ್ರಾಮಫೋನನ್ನು ಅಲ್ಲಿಗೆ ಹಾಕಿದರೆ ಆ ವಾಲ್ವು ತಾಳದೆ ಹಾಡು ಹರಕಲು ಬಟ್ಟೆ ಎಳೆದಂತೆ ಕೇಳುತ್ತದೆ. ಮೈಕನ್ನು ಗ್ರಾಮಫೋನಿನ ತೂತಿಗೆ ಹಾಕಿದರೆ ಏನೂ ಕೇಳುವುದಿಲ್ಲ, ಗುಂಡಿ ಪೂರ್ತಿ ತಿರುಗಿಸಿದರೆ ಬರೀ ಗುಂಯ್‌ಗುಟ್ಟುತ್ತದೆ.

ಅವರು ಇದನ್ನೆಲ್ಲ ಕೇಳಿಸಿಕೊಂಡು, "ಅಂದ್ರೆ ಇದಕ್ಕೂ ಹೊಟ್ಟೆ ಅಂತ ಒಂದಿದೆ ಅನ್ನು. ಕಡಿಮೆ ಹಾಕಿದ್ರೆ ಗೊಣಗುತ್ತೆ, ಜಾಸ್ತಿ ಹಾಕಿದ್ರೆ ಕಕ್ಕುತ್ತೆ" ಎಂದರು. ಜಾಸ್ತಿಯಾದರೆ ವಾಲ್ಯೂಮ್ ಗುಂಡಿಯನ್ನು ಇಳಿಸಬಹುದಲ್ಲ ಎಂದು ಪಕ್ಕದಲ್ಲಿದ್ದ ಸಾಹುಕಾರರು ಕೇಳಿದರು. ಗುಂಡಿ ಇರುವುದು ಆ ವಾಲ್ವಿನ ಆಚೆಗೆ, ಆ ಹೊತ್ತಿಗೆ ಕೆಡಬೇಕಾದ್ದು ಕೆಟ್ಟಿರುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಅಣ್ಣ ನಡುವೆ ಬಾಯಿ ಹಾಕಿದರು.

"ಕಕ್ಕಿದ್ದನ್ನ ಸಣ್ಣ ತಟ್ಟೇಲಿ ಬಡಿಸಿದ್ರೆ ಊಟ ಆಗುತ್ತೇನು ಸಾಮಿ?"

ನನ್ನ ಪುಸ್ತಕದ ಮೂರು ಪುಟ ಅಲ್ಲಿಗೆ ಮುಗಿಯಿತು. ಸಾಹುಕಾರರು ಆ ಮಾತನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು.

ಮಾಲೂರಿನ ಒಂದು ಮದುವೆಯಲ್ಲಿ ಗಂಡಿನವರು ತಮ್ಮದೇ ಗ್ರಾಮಫೋನು ತಂದಿದ್ದರು. ಹೊಸ ನಮೂನೆಯ ಪಿಕಪ್ಪು, ನಮ್ಮದಕ್ಕಿಂತ ಬಹಳ ಜೋರು. ಸರಿಯಾದ ತೂತಿಗೇ ಹಾಕಿದರೂ ಹಾಡು ಸೀಳುತ್ತಿತ್ತು. ಹಾರನ್ನಿನ ಕೆಳಗೆ ಕೂತಿದ್ದ ಹೆಣ್ಣಿನ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು ಯಾರನ್ನೋ ಶಪಿಸುತ್ತಿದ್ದಳು. ಇವರು ತಮ್ಮ ನಶ್ಯದ ಡಬ್ಬಿಯನ್ನು ಖಾಲಿಮಾಡಿ, ಅದರೊಳಗೆ ಎರಡು ರೆಸಿಸ್ಟರು ಬೆಸುಗೆ ಹಾಕಿ, ಪಿಕಪ್ಪಿಗೂ ಮೆಷಿನ್ನಿಗೂ ನಡುವೆ ಸೇರಿಸಿದರು. ಬರುವ ವೋಲ್ಟಿನಲ್ಲಿ ಕಾಲು ಪಾಲು ಮಾತ್ರ ಮುಂದಕ್ಕೆ ಹೋಗುವ ಹಾಗೆ. ಹಾಡು ತಿಳಿಯಾಯಿತು. ಸ್ವಲ್ಪ ಹೊತ್ತಿನಲ್ಲಿ ಅಜ್ಜಿ ಹಾರನ್ನಿನ ಕೆಳಗೇ ನಿದ್ದೆ ಹೋದಳು. ಅವರು ನನ್ನನ್ನು ಕರೆದುಕೊಂಡು ಹೋಗಿ ಆ ಅಜ್ಜಿಯನ್ನು ತೋರಿಸಿದರು, ಶಿಲ್ಪಿಯೊಬ್ಬ ತಾನು ಕಡೆದ ವಿಗ್ರಹವನ್ನು ತೋರಿಸುವ ಹಾಗೆ. ನಶ್ಯವಿಲ್ಲದೆ ಆ ದಿನವಿಡೀ ಎಲ್ಲರ ಮೇಲೂ ರೇಗುತ್ತಿದ್ದರು ಎಂಬುದು ಬೇರೆ ಮಾತು.

ಶ್ರೀನಿವಾಸಪುರದ ಕಡೆ ಇಡೀ ಒಂದು ಹಳ್ಳಿಯ ಒಡೆತನವಿದ್ದ ಜೋಡಿದಾರರೊಬ್ಬರಿಗೆ ಸದ್ದು ಹತ್ತು ಹಳ್ಳಿಗೆ ಕೇಳಬೇಕಾಗಿತ್ತು. ಗುಂಡಿಯನ್ನು ಕೊನೆಯವರೆಗೂ ತಿರುಗಿಸೆಂದು ಹಟ ಹಿಡಿದರು. ಇವರು ಎದ್ದುನಿಂತು ಕೈಮುಗಿದು, "ಹತ್ತು ಹಳ್ಳಿಗೆ ಕೇಳುತ್ತೆ ಸಾಮಿ, ನಿಮ್ಮೂರಿಗೆ ಮಾತ್ರ ಕೇಳ್ಸಲ್ಲ. ಎಲ್ಲಾ ಕಿವಿ ಮುಚ್ಕೊಂಡಿರ್ತಾರೆ" ಎಂದರು. ಜೋಡಿದಾರರೇ ನಕ್ಕುಬಿಟ್ಟರು. ಅಣ್ಣ ಹೀಗೆ ಬಾಗಿ ಮಾತಾಡಿ ತಮ್ಮ ಹಟ ಸಾಧಿಸುತ್ತಿದ್ದರು.

ನಮ್ಮ ಮೆಷಿನ್ನಿನ ಎರಡು ಪ್ಲಗ್ಗುಗಳೂ ನೋಡಲು ಒಂದೇ ಥರ. ಗಡಿಬಿಡಿಯಲ್ಲಿ ಅದಲುಬದಲಾಗಬಾರದೆಂದು ಅವರು ಮೈಕಿನ ಪ್ಲಗ್ಗಿಗೆ ಅರಿಶಿನ ಹಚ್ಚಿದ ದಾರ, ಗ್ರಾಮಫೋನಿನದಕ್ಕೆ ಕೆಂಪು ದಾರ ಸುತ್ತಿದ್ದರು. ಮದುವಣಗಿತ್ತಿಯ ಕಂಕಣದ ಹಾಗೆ ಗಂಟು ಹಾಕಿದ್ದ ಆ ದಾರಗಳು ಮಾಸಿದಾಗ ಬಿಚ್ಚಿ ಹೊಸದು ಕಟ್ಟುವರು. ಹಾಗೆ ಕಟ್ಟುವಾಗ ಏನೋ ಗುನುಗುವರು. ನನಗೆ ಅದನ್ನು ಕಂಡರಾಗುತ್ತಿರಲಿಲ್ಲ. ಸೀಮೆಯಿಂದ ಬಂದ ಮೆಷಿನ್ನಿಗೆ ಹಳ್ಳಿಯ ಮಾರಮ್ಮನಿಗೆ ಕಟ್ಟಿದ ಹಾಗೆ ದಾರ ಕಟ್ಟುವುದು ಎಂದು ಮೂಗು ಮುರಿಯುತ್ತಿದ್ದೆ.

ಇನ್ನು ಅವರ ಹೆಂಡತಿ. ನಾನು ಆಕೆಯನ್ನು ಅತ್ತಿಗೆ ಎನ್ನುತ್ತಿದ್ದೆ. ಕೋಲಾರದಲ್ಲಿ ಅವರ ಮನೆ ತರಕಾರಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಆಕೆ ರುಬ್ಬುವಾಗ ಹಾಡುತ್ತಿದ್ದರೆ ತರಕಾರಿ ಗಾಡಿಯವರು ಎತ್ತು ನಿಲ್ಲಿಸುತ್ತಿದ್ದರು. ಒಂದು ವರ್ಷ ಆಕೆಗೆ ವಿಷಮಶೀತಜ್ವರ ಬಂತು. ಜೀವ ಉಳಿಯಿತು. ದನಿ ಮಾತ್ರ ತೆಳ್ಳಗಾಯಿತು. ಕೆಟ್ಟಿರಲಿಲ್ಲ. ಶ್ರುತಿ, ಗಮಕ ಎಲ್ಲ ಇದ್ದ ಹಾಗೇ ಇತ್ತು. ದೂರಕ್ಕೆ ಹೋಗುತ್ತಿರಲಿಲ್ಲ, ಅಷ್ಟೇ. ಆಕೆ ಮಾತ್ರ ತನ್ನ ದನಿ ಹೋಯಿತೆಂದೇ ನಂಬಿಕೊಂಡು, ಯಾರು ಕರೆದರೂ ತಲೆಯಾಡಿಸಿ ಒಳಗೆ ಹೋಗಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ಸಾಹುಕಾರರಿಗೆ ಹೇಳಿ ಸೆಟ್ಟನ್ನು ಮನೆಗೆ ಹೊತ್ತೊಯ್ದರು. ಹಾರನ್ನನ್ನು ಓಣಿಯ ಆ ತುದಿಯಲ್ಲಿಟ್ಟು, ಹೆಂಡತಿಯನ್ನು ಮೈಕಿನ ಮುಂದೆ ಕೂರಿಸಿ, ಹಾಡು ಎಂದರಂತೆ. ಸಂಜೆ ಅಂಗಡಿಗೆ ಬಂದಾಗ ಅವರ ಮುಖ ನೋಡಬೇಕಿತ್ತು. "ಅಬ್ಬಾಯಿ, ಅವಳ ದನಿ ಎಲ್ಲೂ ಹೋಗಿಲ್ಲ ಕಣೋ. ಸರಿಯಾದ ಬಾಗಿಲಲ್ಲಿ ಒಳಕ್ಕೆ ಬಿಟ್ರೆ ಸಾಕು, ಕೊನೇ ಸಾಲಿಗೆ ಹೋಗುತ್ತೆ. ಅವಳಿಗೂ ನಂಬಿಕೆ ಬಂತು" ಎಂದರು. ಸ್ವಲ್ಪ ದಿನಕ್ಕೆ ಮುಳಬಾಗಿಲಿನಿಂದ ಒಂದು ವಾಚನಾಲಯದವರು ತಮ್ಮ ವಾರ್ಷಿಕೋತ್ಸವಕ್ಕೆ ಸೆಟ್ಟು ಬೇಕೆಂದು ಬಂದರು. ಅವರಲ್ಲಿ ಇವರ ನಾಟಕ ನೋಡಿದ್ದ ಒಬ್ಬರು, ಆಯಮ್ಮ ಒಂದು ಹಾಡು ಹಾಡುವರೇ ಎಂದು ಕೇಳಿದರು. ಅತ್ತಿಗೆ ಒಪ್ಪಿದರು. ಜ್ವರದ ನಂತರ ಅದೇ ಮೊದಲು.

ಅದೇ ದಿನಗಳಲ್ಲಿ ನನಗೆ ಯಲ್ದೂರಿನ ಒಂದು ಹೆಣ್ಣಿನ ಮಾತು ನಡೆದಿತ್ತು. ಮಾವಿನ ತೋಪಿನವರು, ಅನುಕೂಲವಂತರು. ಹೆಣ್ಣಿನ ತಂದೆಗೂ ದೊಡ್ಡಪ್ಪನಿಗೂ ಮುಳಬಾಗಿಲಿನಲ್ಲಿ ನೆಂಟರಿದ್ದರು. ಹುಡುಗ ಕೆಲಸ ಮಾಡುವುದನ್ನು ನೋಡಿಯೇಬಿಡೋಣ ಎಂದು ಅವರೂ ಬರುವುದಾಯಿತು. ಈ ಸುದ್ದಿ ತಿಳಿದಾಗಿನಿಂದ ನನಗೆ ನೆಲ ಕಾಣಲಿಲ್ಲ.

ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನ ಮೇಲೆ ಸೆಟ್ಟು ಹೇರಿಕೊಂಡು ಮೂವರೂ ಮುಳಬಾಗಿಲು ತಲುಪಿದೆವು. ಹಾರನ್ನು ಕಟ್ಟಿ, ಎಲ್ಲ ನೋಡಿ, ಪ್ಲಗ್ಗುಗಳನ್ನು ತೆಗೆದಿಟ್ಟು, ಅಣ್ಣ ಅತ್ತಿಗೆಯನ್ನು ಕರೆತರಲು ಬಿಡಾರಕ್ಕೆ ಹೊರಟರು. ಹೋಗುವಾಗ, ಮೊದಲು ಗ್ರಾಮಫೋನಿನಲ್ಲಿ ಒಂದು ದೇವರ ಹಾಡು ಹಾಕು, ಮೈಕು ಚುಚ್ಚಿಯೇ ಇಟ್ಟಿರು, ಅವಳು ಬಂದ ತಕ್ಷಣ ಹಾಡಿಸಿಬಿಡೋಣ, ಕಾಯಿಸಿದರೆ ಹೆದರುತ್ತಾಳೆ ಎಂದರು.

ಹೆಣ್ಣಿನವರು ಬರುವುದು ದೂರದಿಂದ ಕಾಣಿಸಿತು. ನಾನು ಜೇಬಿನ ಬ್ಲೇಡು ತೆಗೆದು ಪ್ಲಗ್ಗುಗಳ ಮೇಲಿನ ದಾರಗಳನ್ನು ಕತ್ತರಿಸಿ ಬಿಸಾಡಿದೆ. ಅದನ್ನು ಕಂಡು ನನ್ನನ್ನು ಮೆಷಿನ್ನಿಗೆ ಮಂತ್ರ ಹಾಕುವವನೆಂದುಕೊಂಡಾರು ಎಂಬ ಸಂಕೋಚ. ಅವರು ಬಂದರು, ಕುರ್ಚಿ ಹಾಕಿಸಿದೆ, ಮೆಷಿನ್ನಿನ ಭಾಗಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಲೇ ಎರಡೂ ಪ್ಲಗ್ಗು ಚುಚ್ಚಿದೆ. ಅದಲುಬದಲಾಗಿತ್ತು.

ಗ್ರಾಮಫೋನು ಹಾಕಿದಾಗ ಹಾಡು ಹರಿದುಕೊಂಡು ಹೊರಬಂತು. ಗುಂಡಿ ಇಳಿಸಿದೆ, ಸದ್ದು ಸಣ್ಣದಾಯಿತೇ ಹೊರತು ತಿಳಿಯಾಗಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಾಗಿತ್ತು. ಬಂದಿತ್ತೋ ಏನೋ. ಆದರೆ ಹೆಣ್ಣಿನ ದೊಡ್ಡಪ್ಪ, "ಒಳ್ಳೆ ಗಂಟಲಪ್ಪಾ ನಿಮ್ಮ ಮೆಷಿನ್ನಿಗೆ" ಎಂದರು. ಅಲ್ಲಿಗೆ ನನ್ನ ಅನುಮಾನ ಮುಗಿಯಿತು.

ಅಣ್ಣ ಅತ್ತಿಗೆ ಬಂದರು. ವಾಚನಾಲಯದವರು ಅವರನ್ನು ನೇರವಾಗಿ ವೇದಿಕೆಗೆ ಹತ್ತಿಸಿದರು. ಅಣ್ಣ ಹಾರ್ಮೋನಿಯಂ ಮುಂದೆ ಕೂತು ಶ್ರುತಿ ಹಿಡಿದರು. ಅತ್ತಿಗೆ ಹಸಿರು ಸೀರೆಯುಟ್ಟು ಮೈಕಿನ ಮುಂದೆ ಕೈಮುಗಿದು ಹಾಡು ತೆಗೆದರು. ತುಟಿ ಆಡುವುದು ಕಾಣಿಸುತ್ತಿತ್ತು, ಹಾರನ್ನಿನಿಂದ ಏನೂ ಬರಲಿಲ್ಲ.

ಹಿಂದಿನ ಸಾಲಿನಿಂದ "ಕೇಳ್ಸಲ್ಲಾ" ಎಂದು ಕೂಗಿದರು. ಆಕೆ ದನಿ ಏರಿಸಿದರು. ಅಣ್ಣ ನನ್ನ ಕಡೆ ನೋಡಿದರು. ಎಡಗೈ ತಿದಿ ಬಿಡುವಂತಿರಲಿಲ್ಲ. ಹಾರ್ಮೋನಿಯಂ ನಿಂತರೆ ಆಕೆ ಒಂಟಿಯಾಗುತ್ತಿದ್ದರು. ಬಲಗೈಯನ್ನು ಒಂದು ಕ್ಷಣ ಮೇಲೆತ್ತಿ, ಎರಡು ಬೆರಳನ್ನು ಒಂದರ ಮೇಲೊಂದು ಹೆಣೆದು ತೋರಿಸಿ, ಮತ್ತೆ ಹಾರ್ಮೋನಿಯಂನ ಸ್ವರದ ಮನೆಗಳ ಮೇಲಿಟ್ಟರು. ಪ್ಲಗ್ಗು ಅದಲುಬದಲಾಗಿದೆ, ತೆಗೆದು ಹಾಕು ಎಂದು. ಅದು ನನಗೆ ಅರ್ಥವಾಯಿತು. ಇಷ್ಟು ವರ್ಷಗಳಾದ ಮೇಲೂ, ಅರ್ಥವಾಗಲಿಲ್ಲವೇನೋ ಎಂದು ನನ್ನನ್ನು ನಾನು ನಂಬಿಸಿಕೊಳ್ಳಲು ಆಗಿಲ್ಲ.

ಕೈ ಚಾಚಿದ್ದರೆ ಸಾಕಿತ್ತು. ಆದರೆ ಪಕ್ಕದಲ್ಲಿ ಹೆಣ್ಣಿನವರು ಕೂತಿದ್ದರು. ಅವರ ಎದುರಿಗೆ ಒಬ್ಬ ನಾಟಕದವನ ಸನ್ನೆ ಕಂಡು ನನ್ನ ತಪ್ಪು ತಿದ್ದಿಕೊಳ್ಳುವುದೇ? ನಾನು ಮುಖ ತಿರುಗಿಸಿ, ವಾಲ್ಯೂಮ್ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಹಾರನ್ನುಗಳು ಜೇನುಹುಟ್ಟಿನಂತೆ ಗುಂಯ್‌ಗುಟ್ಟಿದವು. "ಲೇ, ಜೇನು ಎದ್ದೈತೆ, ಕಂಬಳಿ ತನ್ರೋ" ಎಂದು ಒಬ್ಬ ಕೂಗಿದ. ಜನ ನಕ್ಕರು. ಆಕೆ ಇನ್ನೂ ಏರಿಸಲು ಹೋಗಿ ದನಿ ಬಿರಿಯಿತು, ಉಸಿರಿಗಾಗಿ ನಿಲ್ಲಿಸಿದರು. ನಾನು ಗುಂಡಿ ಇಳಿಸಿದೆ, ಗುಂಯ್ ನಿಂತಿತು. ಆಗ ಹೆಣ್ಣಿನ ತಂದೆ ನನ್ನನ್ನು ಕೇಳಿದರು.

"ಯಾಕಪ್ಪಾ, ಮೆಷಿನ್ ಕೆಟ್ಟೋಯ್ತಾ?"

"ಮೆಷಿನ್ ಸರಿಯಾಗೇ ಇದೆ. ಆಯಮ್ಮನಿಗೆ ದನೀನೇ ಇಲ್ಲ."

ಜನರ ನಗು ಆಗ ತಾನೇ ನಿಂತಿತ್ತು. ನನ್ನ ಮಾತು ವೇದಿಕೆಯವರೆಗೂ ಹೋಯಿತು. ಅದಕ್ಕೆ ಮೈಕು ಬೇಕಾಗಲಿಲ್ಲ. ಅತ್ತಿಗೆ ನನ್ನ ಕಡೆ ನೋಡಿದರು, ಸಿಟ್ಟಿನಿಂದಲ್ಲ. ಗೊತ್ತಿದ್ದ ವಿಷಯವನ್ನೇ ಯಾರೋ ಹೇಳಿದರೆ ನೋಡುವ ಹಾಗೆ. ಸಭೆಗೆ ಕೈಮುಗಿದು ಇಳಿದುಹೋದರು. ಅಣ್ಣ ಏಳಲಿಲ್ಲ. ಆಕೆ ಬಿಟ್ಟಲ್ಲಿಂದ ಹಾಡನ್ನು ಹಾರ್ಮೋನಿಯಂ ಮೇಲೆ ಹಿಡಿದು, ಚರಣಗಳನ್ನೆಲ್ಲ ಬಾರಿಸಿ, ಮುಗಿಸಿಯೇ ಎದ್ದರು.

ಆಮೇಲೆ ಮೆಷಿನ್ನಿನ ಹತ್ತಿರ ಬಂದರು. ದಾರವಿಲ್ಲದ ಪ್ಲಗ್ಗುಗಳನ್ನು ನೋಡಿದರು, ಎರಡನ್ನೂ ಕಿತ್ತು ಅದಲುಬದಲು ಮಾಡಿದರು. ವೇದಿಕೆಗೆ ಹೋಗಿ ಮೈಕಿನಲ್ಲಿ, "ತಪ್ಪು ನಮ್ಮ ಮೆಷಿನ್ನಿಂದು, ಹಾಡಿದವರದ್ದಲ್ಲ. ಕ್ಷಮಿಸಬೇಕು" ಎಂದರು. ಪ್ರತಿ ಅಕ್ಷರವೂ ಕೇಳಿಸಿತು. ಆದರೆ ಗಂಡ ಹೆಂಡತಿಯನ್ನು ಕಾಪಾಡಿಕೊಳ್ಳುತ್ತಿದ್ದಾನೆ ಎಂದೇ ಸಭೆ ಅಂದುಕೊಂಡಿತು. ಹೆಣ್ಣಿನ ತಂದೆ ಹೋಗುವಾಗ, ಹುಡುಗ ದಾಕ್ಷಿಣ್ಯಕ್ಕೆ ಬಾಗುವವನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಎಂದು ವಾಚನಾಲಯದವರ ಮುಂದೆ ಹೊಗಳಿದರು. ಸಂಬಂಧ ಅಲ್ಲಿಯೇ ಗಟ್ಟಿಯಾಯಿತು.

ಅಂಗಡಿಯಲ್ಲಿ ಅಣ್ಣ ಎಂದಿನಂತೆಯೇ ಇದ್ದರು. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಎದುರು ಮಾತಾಡಿ, ಜಗಳವಾಗಿ, ಒಂದು ಕಡೆಗೆ ಆಗುತ್ತಿತ್ತು. ಕೆಲವು ದಿನಗಳ ಮೇಲೆ, ಸಾಹುಕಾರರು ಇಲ್ಲದ ಹೊತ್ತು ನೋಡಿ, ಪಕ್ಕದಲ್ಲಿ ಬಂದು ಕೂತರು.

"ಒಂದ್ಸಲ ಮನೆಗೆ ಬಂದು ಅವಳಿಗೆ ಒಂದು ಮಾತು ಹೇಳೋ ಅಬ್ಬಾಯಿ. ಪ್ಲಗ್ಗು ತಪ್ಪಾಗಿತ್ತು ಅಂತ. ಹೆಂಗೆ ತಪ್ಪಾಯ್ತು, ಯಾರು ಮಾಡಿದ್ದು, ಅದೆಲ್ಲಾ ಬೇಡ. ನಾನು ಹೇಳಿದ್ರೆ ನಂಬಲ್ಲ. ಗಂಡ ಸಮಾಧಾನ ಮಾಡ್ತಾನೆ ಅಂತಾಳೆ. ನೀನು ಓದಿದೋನು, ನೀನು ಹೇಳಿದ್ರೆ ನಂಬ್ತಾಳೆ."

ಬರ್ತೀನಿ ಅಣ್ಣ ಎಂದೆ. ಹೋಗಲಿಲ್ಲ. ಅವರು ಮತ್ತೆ ಕೇಳಿದರು. ಈ ಭಾನುವಾರ ಎಂದೆ. ಆ ಭಾನುವಾರ ಯಲ್ದೂರಿಗೆ ಹೋದೆ. ಮತ್ತೊಮ್ಮೆ ಕೇಳಿದಾಗ ಅವರ ದನಿಯಲ್ಲಿ ಬೇಡುವ ಧಾಟಿಯಿತ್ತು. ಜೋಡಿದಾರರನ್ನು ನಗಿಸಿದವರು ನನ್ನಂಥವನನ್ನು ಬೇಡುತ್ತಿದ್ದರು. ಅಷ್ಟು ಹೊತ್ತಿಗೆ ಅವರ ಓಣಿಯ ಗಾಡಿಯವರು, ಆಯಮ್ಮ ಈಗ ರುಬ್ಬುವಾಗಲೂ ಹಾಡುವುದಿಲ್ಲ ಎಂದು ಹೇಳುವುದು ನನ್ನ ಕಿವಿಗೂ ಬಿದ್ದಿತ್ತು.

ಕೊನೆಗೆ ಒಂದು ದಿನ ಹೋದೆ. ಹೇಳಿಬಿಡಬೇಕು ಎಂದೇ ಹೋದೆ, ಇದನ್ನಾದರೂ ನಂಬಿ. ಅತ್ತಿಗೆ ಚಾಪೆ ಹಾಕಿ ಕೂರಿಸಿದರು. ಬೆಲ್ಲದ ಕಾಫಿ ತಂದುಕೊಟ್ಟರು. ಯಲ್ದೂರಿನ ಹುಡುಗಿಯ ಬಗ್ಗೆ, ಸೀರೆಯ ಬಗ್ಗೆ, ಲಗ್ನದ ಬಗ್ಗೆ ವಿಚಾರಿಸಿದರು. ಅಣ್ಣ ಅಡುಗೆಮನೆಯ ಬಾಗಿಲವಾಡಕ್ಕೆ ಕೈಕೊಟ್ಟು ನಿಂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಆಕೆಯೇ ಶುರುಮಾಡಿದರು.

"ನಿಂಗೊಂದು ಮಾತು ಹೇಳ್ಬೇಕು ಅಂತಿದ್ದೆ ಕಣಪ್ಪಾ. ನಿಮ್ಮಣ್ಣ ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಾರೆ. ಪ್ಲಗ್ಗು ಅಂತಾರೆ, ತೂತು ಅಂತಾರೆ. ಜ್ವರ ಬಿಟ್ಟಾಗಿಂದ ನಂಗೆ ಗೊತ್ತಿತ್ತು. ನೀನೊಬ್ಬ ಇದ್ದದ್ದು ಹೇಳ್ದೆ. ಇಲ್ದಿದ್ರೆ ಇನ್ನೂ ನಾಲ್ಕು ಊರಲ್ಲಿ ನಗೆಪಾಟಲಾಗ್ತಿದ್ದೆ. ಒಳ್ಳೇದಾಗ್ಲಿ ನಿಂಗೆ."

ನಾನು ಲೋಟದೊಳಗೆ ನೋಡಿದೆ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೆದರಿಕೆಯಿಂದ ಹೇಳಲಿಲ್ಲ ಎಂದರೆ ಅರ್ಧ ಸುಳ್ಳಾಗುತ್ತದೆ. ಸಂಬಂಧ ಮುರಿದೀತು ಎಂಬ ಹೆದರಿಕೆ ಇದ್ದದ್ದು ನಿಜ. ಆದರೆ ಅದಕ್ಕಿಂತ ಮುಖ್ಯವಾದದ್ದು, ಆಕೆ ನನ್ನನ್ನು ಸತ್ಯವಂತ ಎಂದದ್ದು ನನಗೆ ಹಿತವಾಗಿತ್ತು. ನಾನು ತಲೆಯೆತ್ತಿ, "ಕಾಫಿ ಚೆನ್ನಾಗಿದೆ ಅತ್ತಿಗೆ" ಎಂದೆ.

ಅಣ್ಣ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ನನಗೆ ಇನ್ನೂ ಸಮಯ ಕೊಡುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಆಮೇಲೆ ಬಂದು, "ಕೊಡು ಅಬ್ಬಾಯಿ" ಎಂದು ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, ತೊಳೆಯಲು ಹಿತ್ತಲಿಗೆ ಹೋದರು. ಆ ವಿಷಯವನ್ನು ಅವರು ಮತ್ತೆಂದೂ ಎತ್ತಲಿಲ್ಲ.

ಅತ್ತಿಗೆ ಬಹಳ ಕಾಲ ಬದುಕಲಿಲ್ಲ. ಅವರು ಹೋದ ಮೇಲೆ ಅಣ್ಣ ಶ್ರೀನಿವಾಸಪುರಕ್ಕೆ ಹೋಗಿ ತಂಗಿಯ ಮನೆಯಲ್ಲಿದ್ದುಕೊಂಡು ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತಿದ್ದರು. ನಾನು ಕಂಡಾಗಲೆಲ್ಲ ಮಕ್ಕಳೆಷ್ಟು, ಮಳೆಯೆಷ್ಟು ಎಂದು ವಿಚಾರಿಸುತ್ತಿದ್ದರು. ಅವರ ಮಣ್ಣಿಗೂ ಹೋಗಿದ್ದೆ. ಅಲ್ಲಿ ಅವರ ತಂಗಿ ನನ್ನನ್ನು ತೋರಿಸಿ, ಅಣ್ಣನ ಜೊತೆ ಕೆಲಸ ಮಾಡಿದವರು, ತುಂಬ ಬೇಕಾದವರು ಎಂದು ಬಂದವರಿಗೆ ಹೇಳುತ್ತಿದ್ದಾಗ, ಹೌದು ಎಂದು ತಲೆಯಾಡಿಸಿದೆ.

ನನ್ನ ಮದುವೆಯ ದಿನವನ್ನು ಹೇಳದೆ ಇದನ್ನು ಮುಗಿಸುವಂತಿಲ್ಲ. ಯಲ್ದೂರಿನಲ್ಲಿ ಹೆಣ್ಣಿನ ಮನೆಯ ಮುಂದೆ, ಮಾವಿನ ತೋಪಿನ ಅಂಚಿಗೆ ಚಪ್ಪರ ಹಾಕಿದ್ದರು. ನಾನು ಕರೆಯುವ ಮೊದಲೇ ಅಣ್ಣ ಸೆಟ್ಟು ತಂದು ಹಾರನ್ನು ಕಟ್ಟಿದ್ದರು. ಅತ್ತಿಗೆ ಬಂದಿರಲಿಲ್ಲ, ನೆಗಡಿ ಎಂದರು. ಹಸೆಗೆ ಕೂರಿಸಿದಾಗ ಹೆಣ್ಣಿನ ಕಡೆಯ ಹೆಂಗಸರು ಹಸೆಹಾಡು ಹೇಳಬೇಕಿತ್ತು. ಮೈಕು ಕಂಡು ಎಲ್ಲರೂ ಹಿಂದೆ ಸರಿದರು. ಅಣ್ಣ ಅವರಲ್ಲಿ ಹಲ್ಲು ಬಿದ್ದ ಒಬ್ಬ ಮುದುಕಿಯ ಹತ್ತಿರ ಹೋಗಿ ಏನೋ ತಮಾಷೆ ಹೇಳಿ ನಗಿಸಿ, ಕೈಹಿಡಿದು ಕರೆತಂದು, ಎಲ್ಲಿ ಕೂರಬೇಕೆಂದು ತೋರಿಸಿದರು. ಮುದುಕಿ ಹಾಡತೊಡಗಿದಳು. ನೂಲಿನೆಳೆಯಂಥ ದನಿ. ಅದರ ಒಂದೊಂದು ಮಾತೂ, ಮಾತಿನ ನಡುವಿನ ಉಸಿರೂ, ತೋಪಿನ ಆ ಕೊನೆಯಲ್ಲಿ ಎತ್ತು ಬಿಚ್ಚುತ್ತಿದ್ದವರಿಗೂ ಕೇಳಿಸುತ್ತಿತ್ತು. ಅವರು ನೊಗ ಹಿಡಿದುಕೊಂಡೇ ನಿಂತು ಕೇಳುತ್ತಿದ್ದುದು ಹಸೆಯಿಂದ ನನಗೆ ಕಾಣುತ್ತಿತ್ತು. ಅಣ್ಣ ಮೆಷಿನ್ನಿನ ಪಕ್ಕದಲ್ಲಿ, ಗುಂಡಿಯ ಮೇಲೆ ಎರಡು ಬೆರಳಿಟ್ಟು, ಕಣ್ಣುಮುಚ್ಚಿ ಕೂತಿದ್ದರು. ನನಗೆ ಮತ್ತೆ ತಲೆಯೆತ್ತಲು ಆಗಲಿಲ್ಲ. ನೋಡ್ರೇ, ಗಂಡಿಗೆ ಹೆಣ್ಣಿಗಿಂತ ಸಂಕೋಚ ಎಂದು ಹೆಂಗಸರೆಲ್ಲ ನಕ್ಕರು.